ಚರ್ಚಿನ ಅಂಗಳದಲ್ಲಿ ಚಿತಾಭಸ್ಮದ ಸ್ಮರಣೆಯ ತೋಟ: ಮಲೆನಾಡಿಗೆ ಒಗ್ಗುವಂತೆ ಕಟ್ಟುವ ಬಗೆ

ಮಲೆನಾಡಿನ ಧರ್ಮಕೇಂದ್ರಗಳಿಗೆ, ಅಂದರೆ ಊರಿನ ಚರ್ಚುಗಳಿಗೆ, ಈಗ ಹೊಸದೊಂದು ಕೋರಿಕೆ ಬರತೊಡಗಿದೆ. ಮಗ ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಇರುತ್ತಾನೆ. ವಯಸ್ಸಾದ ತಾಯಿ ಅವನ ಮನೆಯಲ್ಲೇ ತೀರಿಕೊಳ್ಳುತ್ತಾರೆ, ದಹನವೂ ಅಲ್ಲೇ ನಡೆಯುತ್ತದೆ. ಆದರೆ ಆಕೆ ಜ್ಞಾನಸ್ನಾನ ಪಡೆದದ್ದು, ಮದುವೆಯಾದದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲವೂ ಸಾಗರದ ಕಡೆಯ ಅಥವಾ ಕೊಪ್ಪದ ಕಡೆಯ ಒಂದು ಹೆಂಚಿನ ಚರ್ಚಿನಲ್ಲಿ. ಭಸ್ಮ ಅಲ್ಲಿಗೇ ಮರಳಲಿ ಎಂದು ಮನೆಯವರು ಕೇಳುತ್ತಾರೆ. ಗುರುಗಳಿಗೂ ಪಾಲನಾ ಸಮಿತಿಗೂ ಇಲ್ಲವೆನ್ನುವ ಮನಸ್ಸಿಲ್ಲ. ಆದರೆ ಎಲ್ಲಿ, ಹೇಗೆ ಎಂಬುದು ಗೊತ್ತಿರುವುದಿಲ್ಲ. ಕೊನೆಗೆ ಹಳೆಯ ಸಮಾಧಿಯೊಂದರ ಪಕ್ಕ ಅವಸರದಲ್ಲಿ ಒಂದು ಗುಂಡಿ ತೋಡಿ ಇಟ್ಟುಬಿಡುತ್ತಾರೆ. ಎರಡು ಮಳೆಗಾಲ ಕಳೆದರೆ ಆ ಜಾಗ ಯಾವುದೆಂದು ಹೇಳುವವರೇ ಇರುವುದಿಲ್ಲ.

ಇದಕ್ಕೆಂದೇ ಒಂದು ಚಿಕ್ಕ ತೋಟವನ್ನು ಮೀಸಲಿಟ್ಟರೆ ಈ ಗೊಂದಲ ತಪ್ಪುತ್ತದೆ. ಖರ್ಚು ದೊಡ್ಡದೇನಲ್ಲ, ಆರು ಮೀಟರ್ ಉದ್ದ ನಾಲ್ಕು ಮೀಟರ್ ಅಗಲದ ನೆಲ ಸಾಕು. ಆದರೆ ಹೊರದೇಶಗಳ ಚಿತ್ರ ನೋಡಿ ಹುಲ್ಲುಹಾಸು, ಗುಲಾಬಿ, ನೆಲಕ್ಕೆ ಹಾಸಿದ ನುಣುಪು ಕಲ್ಲು ಎಂದು ಹೊರಟರೆ ಇಲ್ಲಿ ಉಳಿಯುವುದಿಲ್ಲ. ನಮ್ಮಲ್ಲಿ ಈ ತೋಟದ ಬಾಳಿಕೆಯನ್ನು ನಿರ್ಧರಿಸುವುದು ನೀರು ಮತ್ತು ದಾಖಲೆ. ಹೂವಿನ ಗಿಡದ ಮಾತು ಅದರ ನಂತರದ್ದು.

ಅನುಮತಿ ಮೊದಲು, ಗುದ್ದಲಿ ಆಮೇಲೆ

ಕಥೋಲಿಕ ಧರ್ಮಸಭೆ ದಹನದ ಮೇಲಿದ್ದ ನಿಷೇಧವನ್ನು 1963ರಲ್ಲಿ ಸಡಿಲಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 1176ನೇ ವಿಧಿ ಹೂಳುವ ಪದ್ಧತಿಯನ್ನೇ ಉಳಿಸಿಕೊಳ್ಳಬೇಕೆಂದು ಒತ್ತಿ ಹೇಳುತ್ತದೆ. ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕೆ ಆರಿಸಿಕೊಂಡದ್ದಲ್ಲವಾದರೆ ದಹನವನ್ನು ಅದು ತಡೆಯುವುದಿಲ್ಲ. 2016ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್ ಪ್ರಕಟಿಸಿದ ಸೂಚನೆ ಇನ್ನೂ ಸ್ಪಷ್ಟವಾಗಿದೆ. ಭಸ್ಮವನ್ನು ಸಮಾಧಿಭೂಮಿ, ಚರ್ಚು ಅಥವಾ ಅದಕ್ಕೆಂದೇ ಪ್ರತಿಷ್ಠಿಸಿದ ಪವಿತ್ರ ಜಾಗದಲ್ಲಿ ಇಡಬೇಕು. ಸಾಮಾನ್ಯವಾಗಿ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಬಂಧುಗಳು ಹಂಚಿಕೊಳ್ಳುವಂತಿಲ್ಲ, ಗಾಳಿಗೋ ನೆಲದ ಮೇಲೋ ನೀರಿಗೋ ಚೆಲ್ಲುವಂತಿಲ್ಲ. 2023ರ ಡಿಸೆಂಬರ್‌ನ ಟಿಪ್ಪಣಿ ಎರಡು ವಿಷಯಗಳನ್ನು ಸೇರಿಸಿತು. ಜ್ಞಾನಸ್ನಾನ ಪಡೆದವರ ಭಸ್ಮವನ್ನು ಒಂದೇ ಶಾಶ್ವತ ಪವಿತ್ರ ಜಾಗದಲ್ಲಿ ಒಟ್ಟಾಗಿ ಇಡಬಹುದು, ಆದರೆ ಪ್ರತಿಯೊಬ್ಬರ ಹೆಸರೂ ದಾಖಲಾಗಿರಬೇಕು. ಮೃತರ ಬದುಕಿನಲ್ಲಿ ಮಹತ್ವ ಪಡೆದಿದ್ದ ಬೇರೊಂದು ಜಾಗದಲ್ಲಿ ಅತ್ಯಲ್ಪ ಅಂಶವನ್ನು ಇಡಲು ಕುಟುಂಬ ಕೇಳಿದರೆ ಧರ್ಮಸಭೆಯ ಅಧಿಕಾರಿಗಳು ಕೆಲವು ಷರತ್ತುಗಳ ಮೇಲೆ ಪರಿಶೀಲಿಸಬಹುದು.

ಈ ನಿಯಮಗಳು ತೋಟದ ವಿನ್ಯಾಸವನ್ನೇ ಹೇಳಿಕೊಡುತ್ತವೆ. ಚೆಲ್ಲುವ ಜಾಗ ಬೇಕಿಲ್ಲ, ಹೂಳುವ ಜಾಗ ಬೇಕು. ಹೆಸರಿಲ್ಲದೆ ಯಾರನ್ನೂ ಇಡುವಂತಿಲ್ಲ. ಮೊದಲ ಪತ್ರ ಧರ್ಮಾಧ್ಯಕ್ಷರ (ಬಿಷಪರ) ಕಚೇರಿಗೆ ಹೋಗಲಿ. ಶಿವಮೊಗ್ಗ ಜಿಲ್ಲೆಯ ಧರ್ಮಕೇಂದ್ರಗಳಿಗೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯ, ಕೊಪ್ಪ, ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಚಿಕ್ಕಮಗಳೂರು ಧರ್ಮಪ್ರಾಂತ್ಯ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತಿತರ ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಷ್ಟು ಬಿಗಿಯಾದ ಕಟ್ಟಳೆ ಇಲ್ಲದಿದ್ದರೂ ಸಭಾಪಾಲಕರ ಮತ್ತು ಸಭಾ ಸಮಿತಿಯ ಲಿಖಿತ ನಿರ್ಣಯ, ಅದರ ಮೇಲೆ ಬಿಷಪರ ಕಚೇರಿಯ ಒಪ್ಪಿಗೆ ಇರಲೇಬೇಕು. ಬಾಯಿಮಾತಿನ ಒಪ್ಪಿಗೆ ಗುರುಗಳ ವರ್ಗಾವಣೆಯೊಂದಿಗೆ ಮುಗಿದುಹೋಗುತ್ತದೆ.

ಸರ್ಕಾರದ ಕಡೆಯ ಕೆಲಸವೂ ಇದೆ. ಈಗಾಗಲೇ ಸಮಾಧಿಭೂಮಿ ಎಂದು ದಾಖಲಾದ ಆವರಣದೊಳಗೇ ತೋಟ ಮಾಡಿದರೆ ತೊಡಕು ಕಡಿಮೆ. ಚರ್ಚಿನ ಮುಂದಿನ ಅಂಗಳದಲ್ಲಿ ಹೊಸದಾಗಿ ಮಾಡುವುದಾದರೆ ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ಮಹಾನಗರ ಪಾಲಿಕೆಗೆ ಬರೆದು ಉತ್ತರ ಪಡೆಯಿರಿ. ಪಹಣಿ ಮತ್ತು ಸರ್ವೆ ನಕ್ಷೆಯನ್ನು ಕೈಯಲ್ಲಿ ಹಿಡಿದು ಗಡಿ ನೋಡಿ. ಮಲೆನಾಡಿನಲ್ಲಿ ಬೇಲಿಯೇ ಗಡಿಯಾಗಿರುವುದು ಅಪರೂಪ. ಚರ್ಚಿನದೇ ಎಂದು ತಲೆಮಾರುಗಳಿಂದ ನಂಬಿದ್ದ ಅಂಚು ಅರಣ್ಯದ ಅಥವಾ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ) ಲೆಕ್ಕದಲ್ಲಿ ಇರಬಹುದು. ಅಂಥ ನೆಲದಲ್ಲಿ ಯಾರ ಭಸ್ಮವನ್ನೂ ಇಡಬೇಡಿ. ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ಗಮನದಲ್ಲಿಡಿ.

ಹಿರಿಯರ ಆತಂಕಕ್ಕೆ ಸಮಯ ಕೊಡಿ

ಊರಿನ ಹಿರಿಯರಲ್ಲಿ ಅನೇಕರಿಗೆ ದಹನವೆಂದರೆ ಪುನರುತ್ಥಾನದ ನಂಬಿಕೆಗೆ ಎದುರಾದದ್ದು ಎಂಬ ಭಾವನೆ ಇದೆ. ಬಲಿಪೂಜೆಯ ಕೊನೆಯ ಪ್ರಕಟಣೆಯಲ್ಲಿ ಎರಡು ಸಾಲು ಓದಿ ಮುಗಿಸಿದರೆ ಆ ನೋವು ಒಳಗೇ ಉಳಿಯುತ್ತದೆ. ಭಾನುವಾರ ಪೂಜೆಯ ನಂತರ ಕುಳಿತು ಮಾತನಾಡಿ. ಕೇರಳದ ಆಲಪ್ಪುಳ ಲ್ಯಾಟಿನ್ ಧರ್ಮಪ್ರಾಂತ್ಯ 2020ರ ಜುಲೈನಲ್ಲಿ ಕೋವಿಡ್‌ನಿಂದ ತೀರಿಕೊಂಡವರ ದಹನಕ್ಕೆ ಒಪ್ಪಿ, ಭಸ್ಮವನ್ನು ಚರ್ಚಿನ ಸಮಾಧಿಭೂಮಿಯಲ್ಲೇ ಹೂಳಿದ್ದನ್ನು ತಿಳಿಸಿ. ಅಲ್ಲಿ ಸ್ವಲ್ಪ ತೋಡಿದರೂ ನೀರು ಬರುತ್ತದೆ, ಆಳದ ಗುಂಡಿ ಸಾಧ್ಯವಿರಲಿಲ್ಲ. ಹೂಳುವ ಪದ್ಧತಿ ಎಂದಿನಂತೆ ಮುಂದುವರಿಯುತ್ತದೆ, ಈ ತೋಟ ಬೇರೆ ದಾರಿಯಿಲ್ಲದವರಿಗೂ ತಾವಾಗಿಯೇ ಬಯಸಿದವರಿಗೂ ಮಾತ್ರ ಎಂಬುದನ್ನು ಸ್ಪಷ್ಟಪಡಿಸಿ.

ಮಿಶ್ರ ವಿವಾಹದ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಒಂದು ಕಡೆಯವರು ತುಂಗಾ ಭದ್ರಾ ಸೇರುವ ಕೂಡಲಿಯಲ್ಲಿ ಅಸ್ಥಿ ಬಿಡಬೇಕು ಎನ್ನುತ್ತಾರೆ, ಇನ್ನೊಂದು ಕಡೆಯವರು ಚರ್ಚಿಗೆ ತರಬೇಕು ಎನ್ನುತ್ತಾರೆ. ಇಬ್ಬರದೂ ಪ್ರೀತಿಯೇ. ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂಬ ಒಪ್ಪಂದಕ್ಕೆ ಕಥೋಲಿಕ ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಈ ಮಾತು ದಹನಕ್ಕೆ ಮೊದಲೇ, ಸಾಧ್ಯವಾದರೆ ಆ ವ್ಯಕ್ತಿ ಬದುಕಿರುವಾಗಲೇ ಆಗಬೇಕು.

ಜಾಗ ನೋಡುವುದು ಪುನರ್ವಸು ಮಳೆಯಲ್ಲಿ

ಫೆಬ್ರುವರಿಯಲ್ಲಿ ಚೆನ್ನಾಗಿ ಕಾಣುವ ಮೂಲೆ ಜುಲೈನಲ್ಲಿ ಕೆರೆಯಾಗಿರಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸಿನ ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಸಾವಿರಕ್ಕಿಂತ ಕಡಿಮೆ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಶಿವಮೊಗ್ಗದ ಚರ್ಚನ್ನು ನೋಡಿ ನಕಲು ಮಾಡುವಂತಿಲ್ಲ. ಆದ್ದರಿಂದ ಒಂದು ಇಡೀ ಮಳೆಗಾಲ ಜಾಗವನ್ನು ಗಮನಿಸಿದ ಮೇಲೆಯೇ ತೀರ್ಮಾನಿಸಿ. ಒಂದು ವರ್ಷ ತಡವಾದರೂ ಚಿಂತೆಯಿಲ್ಲ.

ಜುಲೈನ ಪುನರ್ವಸು ಮಳೆ ಹಿಡಿದಾಗ ಕೊಡೆ ಹಿಡಿದು ಅಂಗಳ ಸುತ್ತಿ. ಚಾವಣಿಯ ಸೂರಿನ ನೀರು ಎಲ್ಲಿ ಬೀಳುತ್ತದೆ, ಮೇಲಿನ ಗುಡ್ಡದ ನೀರು ಯಾವ ದಾರಿ ಹಿಡಿಯುತ್ತದೆ, ಕಾಲಿಟ್ಟರೆ ಎಲ್ಲಿ ಹೂತುಹೋಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಯೋಗ್ಯವೆನಿಸಿದ ಜಾಗದಲ್ಲಿ 75 ಸೆಂಟಿಮೀಟರ್ ಆಳದ ಪರೀಕ್ಷಾ ಗುಂಡಿ ತೋಡಿ, ಮೇಲೆ ತಗಡು ಮುಚ್ಚಿ. ಮಳೆಯ ನೀರು ಒಳಗೆ ಬೀಳದಿದ್ದರೂ ಮರುದಿನ ತಳದಲ್ಲಿ ನೀರು ನಿಂತಿದ್ದರೆ ಅದು ಒರತೆ. ಆ ಜಾಗವನ್ನು ಬಿಡಿ. ತಳ ಬರೀ ತೇವವಾಗಿದ್ದರೆ ಸಾಕು. ಕೆಲವೆಡೆ ಎರಡಡಿ ತೋಡುವಷ್ಟರಲ್ಲಿ ಗಟ್ಟಿ ಜಂಬಿಟ್ಟಿಗೆ ಸಿಗುತ್ತದೆ. ಅದನ್ನು ಕಡಿದು ಗುಂಡಿ ಮಾಡಬಹುದಾದರೂ ನೀರು ಇಳಿಯದೆ ಬಾನಿಯಂತೆ ತುಂಬಿ ನಿಲ್ಲುತ್ತದೆ. ಬೇರೆ ಜಾಗವಿಲ್ಲದಿದ್ದರೆ ನೆಲದ ಮೇಲೆಯೇ ಜಂಬಿಟ್ಟಿಗೆಯ ಕಟ್ಟೆ ಕಟ್ಟಿ, ಮಣ್ಣು ತುಂಬಿಸಿ, ಏರುಪಾತಿ ಮಾಡುವುದು ಒಳ್ಳೆಯದು. ಕಟ್ಟೆಯ ಬುಡದಲ್ಲಿ ಮೀಟರಿಗೊಂದರಂತೆ ನೀರು ಹೊರಹೋಗುವ ಕಂಡಿ ಬಿಡಲು ಮರೆಯಬೇಡಿ. ಕಂಡಿಯಿಲ್ಲದ ಕಟ್ಟೆ ಮೊದಲ ಆಷಾಢದಲ್ಲೇ ಉಬ್ಬಿ ಬಿರಿಯುತ್ತದೆ.

ಬಾವಿಯಿಂದ ಕನಿಷ್ಠ ಮೂವತ್ತು ಮೀಟರ್ ದೂರ ಇರಲಿ, ಬಾವಿ ಇಳಿಜಾರಿನ ಕೆಳಗಿದ್ದರೆ ಇನ್ನೂ ದೂರ. ಭಸ್ಮ ಶವದಂತೆ ಕೊಳೆಯುವುದಿಲ್ಲ, ಅದರಿಂದ ರೋಗ ಹರಡುವುದೂ ಇಲ್ಲ. ಆದರೂ ನೆರೆಯವರ ಮನಸ್ಸಿಗೆ ಇರಿಸುಮುರಿಸಾಗಬಾರದು. ಹಲಸಿನ ಮರದ ಕೆಳಗೆ, ಆಲ ಗೋಳಿಗಳ ಬೇರು ಹಬ್ಬಿರುವಲ್ಲಿ, ಬಿದಿರುಮೆಳೆಯ ಹತ್ತಿರ ಬೇಡ.

ಕಾಡಂಚಿನ ಚರ್ಚುಗಳು ಇನ್ನೊಂದನ್ನು ನೋಡಿಕೊಳ್ಳಬೇಕು. ಹೊಸದಾಗಿ ಕೆದಕಿದ ಸಡಿಲ ಮಣ್ಣು ಕಂಡರೆ ಕಾಡುಹಂದಿ ಬಿಡುವುದಿಲ್ಲ. ಮುಳ್ಳುಹಂದಿಯೂ ಗೆಡ್ಡೆ ಹುಡುಕುತ್ತಾ ಬರುತ್ತದೆ. ತೋಟದ ಸುತ್ತ ಎರಡೂವರೆ ಅಡಿ ಎತ್ತರದ ಜಂಬಿಟ್ಟಿಗೆ ಗೋಡೆ, ಹೊರಗೆ ಸಣ್ಣ ಅಗಳು (ಕಂದಕ). ಇಷ್ಟಿದ್ದರೆ ಹಂದಿಯ ಕಾಟಕ್ಕೂ ಗುಡ್ಡದ ನೀರಿಗೂ ಒಟ್ಟಿಗೆ ತಡೆಯಾಗುತ್ತದೆ.

ಅಳತೆ ಮತ್ತು ಸಾಲು

ಒಂದು ಸ್ಥಾನಕ್ಕೆ 60 ಸೆಂಟಿಮೀಟರ್ ಚೌಕ ಕೊಡಿ. 24 ಚದರ ಮೀಟರಿನಲ್ಲಿ ಲೆಕ್ಕಕ್ಕೆ ಅರವತ್ತಾರು ಸ್ಥಾನ ಬರುತ್ತವೆ, ಆದರೆ ದಾರಿ, ಅಂಚು, ಚರಂಡಿ ಕಳೆದರೆ ಮೂವತ್ತರಷ್ಟು ಉಳಿಯುತ್ತವೆ. ಗಂಡ ಹೆಂಡತಿಗೆ ಒಂದೇ ಸ್ಥಾನದಲ್ಲಿ ಮೇಲೆ ಕೆಳಗೆ ಇಡಬಹುದಾದರೆ ಮೊದಲ ಗುಂಡಿಯನ್ನು 110 ಸೆಂಟಿಮೀಟರ್ ಆಳ ಮಾಡಿ. ಇಲ್ಲವಾದರೆ 75 ಸೆಂಟಿಮೀಟರ್ ಸಾಕು. ಪಾತ್ರೆಯ ಮೇಲೆ ನಲವತ್ತೈದು ಸೆಂಟಿಮೀಟರಿಗಿಂತ ಕಡಿಮೆ ಮಣ್ಣು ಇರಬಾರದು. ಇದಕ್ಕಿಂತ ಕಡಿಮೆಯಾದರೆ ಹಂದಿಯ ಮೂತಿಗೂ ಜಡಿಮಳೆಗೂ ನಿಲ್ಲುವುದಿಲ್ಲ.

ಮಧ್ಯದ ದಾರಿ 1.2 ಮೀಟರ್ ಅಗಲವಿರಲಿ, ಗಾಲಿಕುರ್ಚಿ ಸರಾಗವಾಗಿ ಬರಲಿ. ತಾಯಿಯನ್ನು ನೋಡಲು ಬರುವವರು ಅರವತ್ತು ಎಪ್ಪತ್ತರ ಮಕ್ಕಳೇ ಆಗಿರುತ್ತಾರೆ. ದಾರಿಗೆ ನುಣುಪಾಗಿಸಿದ ಗ್ರಾನೈಟ್ ಹಾಸಲೇಬೇಡಿ. ಜೂನ್ ಕಳೆಯುವಷ್ಟರಲ್ಲಿ ಪಾಚಿ ಹಿಡಿದು ಜಾರುತ್ತದೆ. ಉಳಿಪೆಟ್ಟಿನ ಒರಟು ಕಲ್ಲು, ನಡುವೆ ಜಲ್ಲಿ, ಒಂದು ಬದಿಗೆ ಸ್ವಲ್ಪ ಇಳಿಜಾರು ಸಾಕು.

ಭಸ್ಮದ ಬಗ್ಗೆ ತಿಳಿದಿರಬೇಕಾದದ್ದು

ಪಾಶ್ಚಾತ್ಯ ದೇಶಗಳಲ್ಲಿ ದಹನದ ನಂತರ ಮೂಳೆಗಳನ್ನು ಯಂತ್ರದಲ್ಲಿ ಪುಡಿ ಮಾಡಿ ಕೊಡುತ್ತಾರೆ. ವಯಸ್ಕರದು ಸುಮಾರು ಎರಡರಿಂದ ಮೂರು ಕಿಲೋ ತೂಗುತ್ತದೆ, ಮೂರು ಮೂರೂವರೆ ಲೀಟರಿನ ಪಾತ್ರೆಯಲ್ಲಿ ಹಿಡಿಸುತ್ತದೆ. ನಮ್ಮ ಚಿತಾಗಾರಗಳಲ್ಲಿ ಸಾಮಾನ್ಯವಾಗಿ ಪುಡಿ ಮಾಡುವುದಿಲ್ಲ, ಮೂಳೆಯ ತುಂಡುಗಳೇ ಸಿಗುತ್ತವೆ. ಕಟ್ಟಿಗೆಯ ಚಿತೆಯಾದರೆ ಮರದ ಬೂದಿಯೂ ಬೆರೆತಿರುತ್ತದೆ. ಹಾಗಾಗಿ ಇಲ್ಲಿ ಪಾತ್ರೆ ದೊಡ್ಡದಿರಬೇಕು. 25 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ್ದು ಹೆಚ್ಚಿನವರಿಗೆ ಸಾಕಾಗುತ್ತದೆ.

ಚಿತಾಗಾರದ ಸಿಬ್ಬಂದಿಗೆ ಮೊದಲೇ ಒಂದು ಮಾತು ಹೇಳಿಡಿ. ನೀರಿನಲ್ಲಿ ಬಿಡುವವರಿಗೆಂದು ಆಯ್ದ ಕೆಲವು ಅಸ್ಥಿಗಳನ್ನು ಮಾತ್ರ ಕುಡಿಕೆಯಲ್ಲಿ ಕೊಡುವುದು ಅವರ ರೂಢಿ. ನಮಗೆ ಎಲ್ಲವೂ ಬೇಕು ಎಂದು ಹೇಳದಿದ್ದರೆ ಉಳಿದದ್ದು ಅಲ್ಲೇ ಉಳಿದುಹೋಗುತ್ತದೆ. ಆಮೇಲೆ ಕೇಳಿ ಪ್ರಯೋಜನವಿಲ್ಲ, ಆ ಕೊರಗು ಮನೆಯವರನ್ನು ವರ್ಷಗಟ್ಟಲೆ ಕಾಡುತ್ತದೆ. ವಿದೇಶದಿಂದ ತರುವವರು ಮರಣ ಪ್ರಮಾಣಪತ್ರ, ದಹನ ಪ್ರಮಾಣಪತ್ರ, ಭಾರತೀಯ ದೂತಾವಾಸದ ಪತ್ರ ಇಟ್ಟುಕೊಳ್ಳಬೇಕು. ತಪಾಸಣೆಯ ಯಂತ್ರದಲ್ಲಿ ಒಳಗಿನದು ಕಾಣುವಂತೆ ಪಾತ್ರೆ ಲೋಹದ್ದಾಗಿರಬಾರದು.

ಪಾತ್ರೆ ಯಾವುದು? ಕುಂಬಾರರಿಂದ ಮಾಡಿಸಿದ, ಮುಚ್ಚಳವಿರುವ ಮಣ್ಣಿನ ಮಡಕೆಯೇ ನನ್ನ ಆಯ್ಕೆ. ಸುಟ್ಟ ಮಡಕೆ ನೆಲದೊಳಗೆ ತಲೆಮಾರುಗಳ ಕಾಲ ಉಳಿಯುತ್ತದೆ. ಮಣ್ಣಿನಲ್ಲಿ ಕರಗಿಹೋಗಬೇಕೆಂದು ಬಯಸುವವರಿಗೆ ಮೇದಾರರ ಬಿದಿರು ಬುಟ್ಟಿಗೆ ಒಳಗೆ ಅಡಿಕೆ ಹಾಳೆ ಹಾಸಿ, ಹತ್ತಿಬಟ್ಟೆಯಲ್ಲಿ ಕಟ್ಟಿ ಇಡಬಹುದು. ಗೆದ್ದಲು ಅದನ್ನು ಬೇಗ ಮುಗಿಸುತ್ತದೆ, ಭಸ್ಮ ಅದೇ ಜಾಗದಲ್ಲಿ ಮಣ್ಣು ಸೇರುತ್ತದೆ. ಪ್ಲಾಸ್ಟಿಕ್, ಸ್ಟೀಲ್ ಡಬ್ಬಿಗಳನ್ನು ನೆಲಕ್ಕೆ ಇಳಿಸಬೇಡಿ.

ಗಿಡಗಳು: ಭಸ್ಮ ಗೊಬ್ಬರವಲ್ಲ

ತಾಯಿಯ ಭಸ್ಮದ ಮೇಲೆ ಒಂದು ಗಿಡ ನೆಡೋಣ ಎಂಬ ಆಸೆ ಬಹಳ ಜನರಿಗಿದೆ. ಆ ಗಿಡ ಒಣಗಿದರೆ ಎರಡನೆಯ ಸಾವಿನಂತೆ ನೋಯುತ್ತಾರೆ. ಒಣಗಲು ಕಾರಣವೂ ಇದೆ. ಭಸ್ಮದ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್, ಅದರ ಜೊತೆ ಸೋಡಿಯಂ ಲವಣಗಳು ಹೇರಳ. ಅದು ತೀವ್ರ ಕ್ಷಾರ, ಪಿಎಚ್ 11-12ರವರೆಗೂ ಇರಬಹುದು. ಸಾರಜನಕ ಇಲ್ಲವೆಂದರೂ ಸರಿ. ಎಳೆಯ ಬೇರು ನೇರವಾಗಿ ತಗುಲಿದರೆ ಸುಟ್ಟುಹೋಗುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಆಮ್ಲೀಯವಾದ್ದರಿಂದ ಕ್ಷಾರವನ್ನು ನಿಧಾನವಾಗಿ ತಣಿಸುತ್ತದೆ, ಮಲೆನಾಡಿನ ಮಳೆ ಸೋಡಿಯಂ ಅನ್ನು ತೊಳೆದು ಒಯ್ಯುತ್ತದೆ, ಫಾಸ್ಫೇಟನ್ನು ಮಣ್ಣಿನ ಕಬ್ಬಿಣ ಮತ್ತು ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಇದೆಲ್ಲ ಆಗಲು ವರ್ಷಗಳು ಬೇಕು.

ಆದ್ದರಿಂದ ಸ್ಥಾನಗಳ ಮೇಲೆ ಆಳಕ್ಕೆ ಬೇರಿಳಿಸುವ ಏನನ್ನೂ ನೆಡಬೇಡಿ. ಬಿಸಿಲಿದ್ದಲ್ಲಿ ಗರಿಕೆ, ನೆರಳಿದ್ದಲ್ಲಿ ಸಣ್ಣ ಜರಿಗಿಡಗಳು ಸಾಕು. ಹೂವಿನ ಗಿಡಗಳು ಗೋಡೆಯ ಅಂಚಿಗೆ, ಕೊನೆಯ ಸಾಲಿನಿಂದ ಒಂದೂವರೆ ಮೀಟರ್ ದೂರದಲ್ಲಿ ಇರಲಿ. ನಂದಿಬಟ್ಟಲು, ಕೇಪಳ, ಪಾರಿಜಾತ ಮಳೆಯನ್ನೂ ಬೇಸಿಗೆಯನ್ನೂ ತಾಳುತ್ತವೆ, ಹೆಚ್ಚು ಆರೈಕೆ ಕೇಳುವುದಿಲ್ಲ. ಒಂದು ಮರ ಬೇಕೆಂದರೆ ರಂಜ ಅಥವಾ ಸುರಗಿಯನ್ನು ಆರು ಮೀಟರ್ ಆಚೆ ನೆಡಿ. ಅಂಗಳದಲ್ಲಿ ಈಗಾಗಲೇ ಹಳೆಯ ಮರವಿದ್ದರೆ, ಗಾಳಿಗೆ ಬಿದ್ದ ಕೊಂಬೆಯಲ್ಲಿ ಸಿಕ್ಕ ಸೀತಾಳೆ ದಂಡೆಯನ್ನು (ಮರದ ಮೇಲೆ ಬೆಳೆಯುವ ಆರ್ಕಿಡ್) ಅದರ ಕಾಂಡಕ್ಕೆ ಕಟ್ಟಿ. ಮಳೆಗಾಲದ ಹೊಸ್ತಿಲಿನಲ್ಲಿ ಅದು ಬಿಡುವ ಹೂಗೊಂಚಲಿನ ಮುಂದೆ ಅಂಗಡಿಯ ಹೂಗುಚ್ಛ ಏನೂ ಅಲ್ಲ. ಮನೆಯವರಿಗೆ ಗಿಡ ನೆಡುವ ಆಸೆ ಇದ್ದರೆ ಅಂಚಿನಲ್ಲೇ ಅವರ ಕೈಯಿಂದ ನೆಡಿಸಿ, ದರಗಿನ (ಉದುರಿದ ಒಣ ಎಲೆಗಳ) ಗೊಬ್ಬರ ಹಾಕಿಸಿ.

ಹೆಸರಿನ ಕಲ್ಲು

ಪ್ರತಿ ಸ್ಥಾನಕ್ಕೂ ಬೇರೆ ಬೇರೆ ಫಲಕ ಇಡಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಹುಲ್ಲು ಕತ್ತರಿಸಲು ಅಡ್ಡ, ಮಣ್ಣು ಕುಸಿದಂತೆ ವಾಲುತ್ತದೆ, ಅನುಕೂಲಸ್ಥರದು ದೊಡ್ಡದು ಬಡವರದು ಚಿಕ್ಕದು ಎಂಬ ಭೇದವೂ ಬರುತ್ತದೆ. ಒಂದೇ ಗೋಡೆಯ ಮೇಲೆ ಒಂದೇ ಅಳತೆಯಲ್ಲಿ ಎಲ್ಲರ ಹೆಸರು ಇರಲಿ. ನೆಲದಲ್ಲಿ ಸಾಲು ಮತ್ತು ಸಂಖ್ಯೆ ಕೊರೆದ ಪುಟ್ಟ ಗುರುತುಕಲ್ಲು, ಮಣ್ಣಿನ ಮಟ್ಟಕ್ಕೆ.

ಕನ್ನಡ ಅಕ್ಷರ ಕೊರೆಸುವಾಗ ಎತ್ತರ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಬೇಡ. ಒತ್ತಕ್ಷರಗಳು ಅದಕ್ಕಿಂತ ಚಿಕ್ಕದಾದರೆ ಪಾಚಿ ತುಂಬಿಕೊಂಡು ಓದಲು ಬಾರದು. ಬಣ್ಣ ತುಂಬಿದ ಅಕ್ಷರಕ್ಕಿಂತ ಆಳವಾಗಿ ಕೊರೆದದ್ದೇ ಬಾಳುತ್ತದೆ. ಹೆಸರಿನ ಕಾಗುಣಿತದಲ್ಲಿ ಎಚ್ಚರವಿರಲಿ. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಮನೆಯಲ್ಲಿ ಕರೆಯುವುದು ಮತ್ತೊಂದು ಇರುತ್ತದೆ. ಡಿಸೋಜವೋ ಡಿಸೋಜಾವೋ ಎಂಬುದನ್ನು ಕಾಗದದ ಮೇಲೆ ಬರೆದು ಮನೆಯವರ ಸಹಿ ಪಡೆದ ಮೇಲೆಯೇ ಕಲ್ಲುಕುಟಿಗರಿಗೆ ಕೊಡಿ.

ಇಳಿಸುವ ದಿನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಆ ತಿಂಗಳುಗಳಲ್ಲಿ ಬಂದ ಭಸ್ಮವನ್ನು ಚರ್ಚಿನೊಳಗೆ ಬೀಗವಿರುವ ಕಪಾಟಿನಲ್ಲಿ, ಹೆಸರು ಬರೆದ ಚೀಟಿ ಕಟ್ಟಿ ಇಡಿ. ಮೃತ ವಿಶ್ವಾಸಿಗಳ ಸ್ಮರಣೆಯ ನವೆಂಬರ್ 2 ಇದಕ್ಕೆ ಒಪ್ಪುವ ದಿನ. ಸಮಾಧಿಗಳಿಗೆ ಹೇಗೂ ಎಲ್ಲರೂ ಬಂದಿರುತ್ತಾರೆ.

ಹಿಂದಿನ ದಿನವೇ ಗುಂಡಿ ತೋಡಿ ತಗಡು ಮುಚ್ಚಿ. ಮೇಲ್ಮಣ್ಣನ್ನೂ ಕೆಳಗಿನ ಕೆಂಪು ಮಣ್ಣನ್ನೂ ಬೇರೆ ಬೇರೆ ಗುಡ್ಡೆ ಹಾಕಿ, ತುಂಬುವಾಗ ಅದೇ ಕ್ರಮದಲ್ಲಿ ಹಾಕಿ. ಪಾತ್ರೆಯನ್ನು ಎರಡು ಬಟ್ಟೆಯ ಪಟ್ಟಿಗಳಲ್ಲಿ ಇಳಿಸಿದರೆ ಮುಗ್ಗರಿಸುವ ಭಯವಿಲ್ಲ. ಕುಟುಂಬದ ಹಿರಿಯರು ಮೊದಲು, ಮಕ್ಕಳು ಆಮೇಲೆ ಒಂದೊಂದು ಹಿಡಿ ಮಣ್ಣು ಹಾಕಲಿ. ಶವಪೆಟ್ಟಿಗೆಗೆ ಸಲ್ಲುವ ಗೌರವವೇ ಇದಕ್ಕೂ ಸಲ್ಲಬೇಕು. ಮೊಬೈಲ್ ಹಿಡಿದು ನುಗ್ಗುವವರನ್ನು ಮೃದುವಾಗಿ ಹಿಂದೆ ಸರಿಸಿ. ಮಣ್ಣನ್ನು ಪದರ ಪದರವಾಗಿ ಒತ್ತಿ ತುಂಬಿ ನಾಲ್ಕು ಬೆರಳು ಎತ್ತರ ಬಿಡಿ, ಮೊದಲ ಮಳೆಗೆ ಅದು ಕೂರುತ್ತದೆ. ಮೇಣದಬತ್ತಿಗೆ ದಾರಿಯ ತುದಿಯಲ್ಲಿ ಮರಳು ತುಂಬಿದ ಕಲ್ಲಿನ ತೊಟ್ಟಿ ಇಡಿ. ಮೇಣ ಸುರಿದಲ್ಲಿ ಹುಲ್ಲು ಬೆಳೆಯುವುದಿಲ್ಲ.

ದಾಖಲೆ

ಮಣ್ಣು ಮುಚ್ಚಿದ ಕೂಡಲೇ, ಜನ ಚದುರುವ ಮೊದಲು, ಪುಸ್ತಕ ತೆರೆಯಿರಿ. ಹೆಸರು, ತಂದೆ ತಾಯಿ ಅಥವಾ ಸಂಗಾತಿಯ ಹೆಸರು, ಹುಟ್ಟಿದ, ತೀರಿಕೊಂಡ, ದಹನವಾದ, ಇಳಿಸಿದ ದಿನಗಳು, ಮರಣ ಪ್ರಮಾಣಪತ್ರದ ಸಂಖ್ಯೆ, ಪಾತ್ರೆಯ ಬಗೆ, ಆಳ, ಸಾಲು ಮತ್ತು ಸಂಖ್ಯೆ, ಗುರುಗಳ ಮತ್ತು ಕುಟುಂಬದ ಒಬ್ಬರ ಸಹಿ. ಇದರ ಜೊತೆಗೆ ಎರಡು ಅಳತೆಗಳು ಬೇಕು. ಚರ್ಚಿನ ಕಟ್ಟಡದ ಎರಡು ಮೂಲೆಗಳಿಂದ ಆ ಸ್ಥಾನದ ನಡುವಿಗೆ ಟೇಪ್ ಹಿಡಿದು ದೂರ ಬರೆಯಿರಿ. ಗುರುತುಕಲ್ಲು ಕಳೆದುಹೋದರೂ, ಗೋಡೆ ಬಿದ್ದರೂ ಈ ಎರಡು ಅಂಕಿಗಳಿಂದ ಜಾಗವನ್ನು ಒಂದು ಗೇಣಿನೊಳಗೆ ಹುಡುಕಬಹುದು.

ಮಲೆನಾಡಿನ ತೇವದಲ್ಲಿ ಕಾಗದ ಬೂಷ್ಟು ಹಿಡಿಯುತ್ತದೆ, ಮರದ ಕಪಾಟಿಗೆ ಗೆದ್ದಲು ಬರುತ್ತದೆ. ಒದ್ದೆಯಾದರೂ ಹರಡದ ಶಾಯಿ, ಗಟ್ಟಿ ರಟ್ಟಿನ ಪುಸ್ತಕ, ಗೋಡೆಯಿಂದ ದೂರವಿಟ್ಟ ಕಬ್ಬಿಣದ ಕಪಾಟು ಬಳಸಿ. ಪ್ರತಿ ವರ್ಷ ಜನವರಿಯಲ್ಲಿ ಹೊಸ ಪುಟಗಳ ಪ್ರತಿಯನ್ನು ಧರ್ಮಪ್ರಾಂತ್ಯದ ಕಚೇರಿಗೆ ಕಳುಹಿಸಿ.

ನಿಯಮ, ಹಣ, ನಿರ್ವಹಣೆ

ಒಂದು ಪುಟದ ನಿಯಮಪತ್ರ ಬರೆದು ಪ್ರತಿ ಕುಟುಂಬಕ್ಕೂ ಮೊದಲೇ ಕೊಡಿ. ಯಾರಿಗೆ ಸ್ಥಾನ, ಶುಲ್ಕ ಎಷ್ಟು, ಏನು ಇಡಬಾರದು ಎಂಬುದು ಅದರಲ್ಲಿರಲಿ. ಶುಲ್ಕ ಕೊಡಲಾಗದವರಿಗೆ ಸ್ಥಾನ ಉಚಿತ ಎಂಬ ಸಾಲು ಮೊದಲೇ ಇರಲಿ, ಸಮಿತಿಯ ಮುಂದೆ ಬೇಡುವ ಸ್ಥಿತಿ ಯಾರಿಗೂ ಬರಬಾರದು. ಸ್ಥಾನಗಳನ್ನು ಸಾಲಿನ ಕ್ರಮದಲ್ಲೇ ಕೊಡಿ. ಮುಂದಿನ ಸಾಲು ನಮಗಿರಲಿ ಎಂದು ಕಾದಿರಿಸಿಕೊಳ್ಳಲು ಬಿಟ್ಟರೆ ತೋಟ ಕೆಲವೇ ಮನೆತನಗಳದ್ದಾಗುತ್ತದೆ. ಸಂಗ್ರಹವಾದ ಹಣದ ಅರ್ಧವನ್ನಾದರೂ ನಿರ್ವಹಣೆಗೆಂದು ಬೇರೆ ಖಾತೆಯಲ್ಲಿಡಿ.

ಮೇ ಕೊನೆಯಲ್ಲಿ ಅಗಳು, ಚರಂಡಿ, ಕಂಡಿಗಳಲ್ಲಿ ತುಂಬಿದ ದರಗು ತೆಗೆಯಬೇಕು. ಇದೊಂದು ತಪ್ಪಿದರೆ ಉಳಿದ ಕೆಲಸವೆಲ್ಲ ಕೊಚ್ಚಿಹೋಗುತ್ತದೆ. ಅಕ್ಟೋಬರ್‌ನಲ್ಲಿ ಹೆಸರಿನ ಗೋಡೆಯನ್ನು ತೆಂಗಿನ ನಾರಿನ ಕುಂಚ ಮತ್ತು ಬರೀ ನೀರಿನಿಂದ ಉಜ್ಜಿ. ಆಸಿಡ್, ಬ್ಲೀಚಿಂಗ್ ಪುಡಿ ಕಲ್ಲನ್ನು ತಿನ್ನುತ್ತವೆ. ಪ್ಲಾಸ್ಟಿಕ್ ಹಾರಗಳನ್ನು ವಾರದೊಳಗೆ ತೆಗೆಯುವುದಾಗಿ ನಿಯಮದಲ್ಲೇ ಬರೆದಿಡಿ.

ಮುಂದೊಂದು ದಿನ ಯಾವುದಾದರೂ ಕುಟುಂಬ ಭಸ್ಮವನ್ನು ಬೇರೆಡೆಗೆ ಒಯ್ಯಬೇಕೆಂದು ಕೇಳಬಹುದು. ಧರ್ಮಾಧ್ಯಕ್ಷರ ಲಿಖಿತ ಅನುಮತಿ ಮತ್ತು ಹತ್ತಿರದ ವಾರಸುದಾರರೆಲ್ಲರ ಸಹಿ ಇಲ್ಲದೆ ನೆಲ ಮುಟ್ಟಬಾರದು. ಬಿದಿರು ಬುಟ್ಟಿಯಲ್ಲಿ ಇಟ್ಟದ್ದನ್ನು ಮರಳಿ ತೆಗೆಯಲಾಗದು ಎಂಬುದನ್ನು ಇಳಿಸುವ ಮುನ್ನವೇ ಹೇಳಿ ಸಹಿ ಪಡೆಯಿರಿ. ಸ್ಥಾನಗಳೆಲ್ಲ ತುಂಬಿದ ಮೇಲೆ ಹಳೆಯದನ್ನು ಕೆದಕಿ ಹೊಸದಕ್ಕೆ ಜಾಗ ಮಾಡಬೇಡಿ. ಗೋಡೆಯ ಆಚೆ ಇನ್ನೊಂದು ತುಂಡು ನೆಲವನ್ನು ಈಗಲೇ ನಕ್ಷೆಯಲ್ಲಿ ಗುರುತಿಸಿ, ಅದರ ಮೇಲೆ ಸಭಾಂಗಣವಾಗಲಿ ವಾಹನ ನಿಲ್ದಾಣವಾಗಲಿ ಬರದಂತೆ ಸಮಿತಿಯ ನಡಾವಳಿಯಲ್ಲಿ ಬರೆಸಿಡಿ.